ಬೀಳುವ ಪಾತ್ರ

ಪರದೆಯ ಮೇಲೆ ಬಂಡೆಪ್ಪ ಬಿದ್ದಾಗ ಥೇಟರಿನಲ್ಲಿ ಎಲ್ಲರಿಗಿಂತ ಮೊದಲು ನಕ್ಕವಳು ಅವನ ಹೆಂಡತಿ ಶಾರವ್ವ. ಬಾಯಿಗೆ ಸೆರಗು ಹಿಡಿಯುವಷ್ಟು ಪುರಸೊತ್ತನ್ನೂ ಕೊಡದೆ ಆ ನಗು ಹೊರಗೆ ಬಂದುಬಿಟ್ಟಿತ್ತು. ಅದರ ಹಿಂದೆಯೇ ಇಡೀ ಥೇಟರು ನಕ್ಕಿತು.

ಪರದೆಯ ಮೇಲಿನ ಬಂಡೆಪ್ಪ ಬಾದಾಮಿಯ ಹೊಂಡದ ಮೆಟ್ಟಿಲ ಮೇಲೆ ತಲೆಗೆ ದೊಡ್ಡ ಪಟಗಾ ಸುತ್ತಿಕೊಂಡು ನಿಂತಿದ್ದ. ಹೀರೋನನ್ನು ತಡೆದು ಏನೋ ಕೇಳಿದ. ಕೇಳಿದ ದನಿ ಮಾತ್ರ ಅವನದಾಗಿರಲಿಲ್ಲ. ಯಾರೋ ಮೂಗಿನಲ್ಲಿ ಮಾತಾಡಿ ಸೇರಿಸಿದ ಕೀರಲು ದನಿ. ಹೀರೋ ಅವನ ಎದೆಗೆ ಒಂದೇ ಬೆರಳು ಇಟ್ಟು ನೂಕಿದ. ಬಂಡೆಪ್ಪ ಹಿಂದಕ್ಕೆ ಬಿದ್ದ, ಕಾಲು ಮೇಲಾದವು, ದೋತರ ತೊಡೆಯವರೆಗೆ ಸರಿಯಿತು, ಅದೇ ಹೊತ್ತಿಗೆ ಎಲ್ಲಿಂದಲೋ ಕತ್ತೆ ಒದರಿತು. ಅಷ್ಟಕ್ಕೇ ಬಿಡಲಿಲ್ಲ. ಬಿದ್ದವನನ್ನು ಹಿಂದುಮುಂದಾಗಿ ಎಬ್ಬಿಸಿ ನಿಲ್ಲಿಸಿದರು, ಮತ್ತೆ ನಿಧಾನವಾಗಿ ಬೀಳಿಸಿದರು. ಕತ್ತೆಯೂ ಈ ಸಲ ನಿಧಾನವಾಗಿ ಒದರಿತು.

ಬಂಡೆಪ್ಪನ ಬಲಗಡೆ ಅವನ ಬೀಗ ಧರ್ಮರಾಜ ತೊಡೆ ಬಡಿದುಕೊಂಡು ನಗುತ್ತಿದ್ದ. ಹುನಗುಂದದಲ್ಲಿ ಬೀಜ-ಗೊಬ್ಬರದ ದೊಡ್ಡ ಅಂಗಡಿ ಅವನದು. ಅವನ ಮಗ ದೀಪಕನಿಗೆ ಬಂಡೆಪ್ಪನ ಒಬ್ಬಳೇ ಮಗಳು ಗೀತಾಂಜಲಿಯನ್ನು ಕೊಡುವುದೆಂದು ನಿಶ್ಚಯವಾಗಿತ್ತು. ಮದುವೆಗೆ ತಿಂಗಳು ಉಳಿದಿತ್ತು. ತಾನು ಪಾತ್ರ ಮಾಡಿದ ಸಿನಿಮಾ ಇಳಕಲ್ಲಿಗೆ ಬಂದ ಮೊದಲ ದಿನವೇ ಬೀಗರನ್ನು ಮನೆಮಂದಿಯ ಸಮೇತ ಕರೆಸಿಕೊಂಡು, ಒಂದು ಸಾಲನ್ನೇ ಹಿಡಿದು ಕೂರಿಸಿದವನು ಬಂಡೆಪ್ಪ. ಹಿಂದಿನ ಸಾಲಿನಲ್ಲಿ ಅವನ ದಿನದ ಗೆಳೆಯರಾದ ಶಾಬುದ್ದೀನ, ಅಮರೇಶ ಮಾಸ್ತರ ಇದ್ದರು. ಕತ್ತಲಲ್ಲಿ ಬಂಡೆಪ್ಪ ಯಾರ ಕಡೆಗೂ ತಿರುಗಲಿಲ್ಲ. ಕುತ್ತಿಗೆ ಸೆಟೆದು ಪರದೆಯನ್ನೇ ನೋಡುತ್ತ ಕುಳಿತ.

ಇಳಕಲ್ಲಿನ ಬಜಾರದಲ್ಲಿ ಬಂಡೆಪ್ಪನದು ಬಟ್ಟೆಯ ಅಂಗಡಿ. ಲುಂಗಿ, ಟವೆಲ್ಲು, ಕುಬಸದ ಖಣ. ವ್ಯಾಪಾರ ತಕ್ಕಮಟ್ಟಿಗೆ ನಡೆಯುತ್ತಿತ್ತು. ಆದರೆ ಊರಿನಲ್ಲಿ ಅವನ ಹೆಸರು ನಿಂತಿದ್ದು ಬಟ್ಟೆಯಿಂದಲ್ಲ, ಅಂಗಡಿಯ ಕಟ್ಟೆಯ ಮೇಲೆ ಸಂಜೆ ಅವನು ನಡೆಸುತ್ತಿದ್ದ ಮಾತಿನಿಂದ. ವಾರದಲ್ಲಿ ಬಂದ ಸಿನಿಮಾ, ಟಿ.ವಿ.ಯ ಧಾರಾವಾಹಿ, ಮೊಬೈಲಿನಲ್ಲಿ ನೋಡುವ ಸೀರೀಜು, ಯಾವುದನ್ನೂ ಅವನು ಬಿಡುತ್ತಿರಲಿಲ್ಲ. ಹರೆಯದಲ್ಲಿ ಊರ ನಾಟಕಗಳಲ್ಲಿ ಪಾತ್ರ ಮಾಡಿದ್ದ. ಆ ಬಲದ ಮೇಲೆ ಹೀರೋಗಳ ನಡಿಗೆ, ಹೀರೋಯಿನ್ನುಗಳ ಅಳು, ವಿಲನ್ನುಗಳ ನಗು ಎಲ್ಲವನ್ನೂ ಹರಿದು ಹಾಕುತ್ತಿದ್ದ. ಪಕ್ಕದ ಚಪ್ಪಲಿ ಅಂಗಡಿಯ ಶಾಬುದ್ದೀನ ಗಿರಾಕಿಯನ್ನು ಬಿಟ್ಟು ಬಂದು ಕೇಳುತ್ತಿದ್ದ. ಯಾರಾದರೂ “ಪಿಚ್ಚರ್ ಚಲೋ ಐತ್ರಿ” ಅಂದರೆ ಮುಗಿಯಿತು, ಆ ಸಂಜೆ ನಗೆಗೀಡಾಗುವ ಸರದಿ ಅಂದವನದೇ.

ಎರಡು ವರ್ಷದ ಹಿಂದೆ ಆ ಸರದಿ ಅಮರೇಶ ಮಾಸ್ತರನದಾಗಿತ್ತು. ಅವನ ಹೆಂಡತಿ ತೀರಿಕೊಂಡು ಆರು ತಿಂಗಳೂ ಆಗಿರಲಿಲ್ಲ. ಒಂದು ಸಿನಿಮಾ ನೋಡಿ ಬಂದು, ಅದರಲ್ಲಿ ಹೆಂಡತಿ ಸಾಯುವ ದೃಶ್ಯಕ್ಕೆ ತನಗೆ ತಡೆದುಕೊಳ್ಳಲು ಆಗಲಿಲ್ಲ, ಅತ್ತುಬಿಟ್ಟೆ ಎಂದು ಹೇಳಿದ.

“ಮಾಸ್ತರ, ನೀವು ಪಿಚ್ಚರ್ ನೋಡಾಕ ಹೋಗಿದ್ರೋ, ನಿಮ್ಮ ಮನಿಯಾಕಿನ್ನ ನೋಡಾಕ ಹೋಗಿದ್ರೋ?” ಎಂದಿದ್ದ ಬಂಡೆಪ್ಪ. “ಅಳೂದಿದ್ರ ಮನ್ಯಾಗ ಅಳಬೇಕು. ಆ ಹುಡುಗಿಗೆ ಸಾಯಾಕ ಬರೂದಿಲ್ಲ. ಸಾಯೂದಕ್ಕೂ ಕಲಾ ಬೇಕಾಕ್ಕೈತಿ.”

ಕಟ್ಟೆಯ ಮೇಲಿದ್ದವರೆಲ್ಲ ನಕ್ಕಿದ್ದರು. ಅಮರೇಶನೂ ನಕ್ಕಿದ್ದ. ಮರುದಿನವೂ ಬಂದ, ಆಮೇಲೂ ಬರುವುದನ್ನು ಬಿಡಲಿಲ್ಲ.

ಹೋದ ಚಳಿಗಾಲದಲ್ಲಿ ಬಾದಾಮಿಯಲ್ಲಿ ಶೂಟಿಂಗ್ ನಡೆದಿದೆ ಎಂದು ಕೇಳಿ ಬಂಡೆಪ್ಪ ನೋಡಲು ಹೋದ. ಅವನ ಮೀಸೆ, ಮೈಕಟ್ಟು ಕಂಡು ಸಿನಿಮಾದವರೇ ಕರೆದರು. ಊರ ಹಿರಿಯನ ಪಾತ್ರ ಎಂದರು. ಹೀರೋ ಸೊಕ್ಕಿನಲ್ಲಿ ಹಿರಿಯನನ್ನು ನೂಕುತ್ತಾನೆ, ಹಿರಿಯ ಬೀಳುತ್ತಾನೆ, ಅಷ್ಟೇ. ಕಲ್ಲಿನ ಮೇಲೆ ಇಡೀ ದಿನ ಬೀಳಿಸಿದರು. ಮೊಣಕೈ ಕಿತ್ತು ರಕ್ತ ಬಂದರೂ ಬಂಡೆಪ್ಪ ಬೇಸರಿಸಲಿಲ್ಲ. ಊರಿಗೆ ಬಂದು ಕಟ್ಟೆಯ ಮೇಲೆ ನಿಂತು ಸಾರಿದ: “ನಾ ಬಿದ್ದಾಗ ಥೇಟರಿನ್ಯಾಗ ಒಬ್ಬರ ಕಣ್ಣೂ ಒಣಗಿರಾಂಗಿಲ್ಲ, ಬರದಿಟ್ಕೋರಿ.”

ಸಿನಿಮಾ ಬಿಟ್ಟ ಮೇಲೆ ಬೀಗರನ್ನು ಬಸ್‌ಸ್ಟ್ಯಾಂಡಿನ ಬಾಜೂಕಿನ ಖಾನಾವಳಿಗೆ ಕರೆದುಕೊಂಡು ಹೋಗುವುದೆಂದು ಮೊದಲೇ ಮಾತಾಗಿತ್ತು. ಗೆಳೆಯರೂ ಬಂದರು. ಎರಡು ಮೇಜು ಕೂಡಿಸಿ ಕುಳಿತರು. ರೊಟ್ಟಿ ಬಂತು, ಎಣಗಾಯಿ ಬಂತು. ಬೇರೆ ದಿನವಾಗಿದ್ದರೆ ಬಂಡೆಪ್ಪ ಬಾಯಿ ತೆರೆಯುವವರೆಗೆ ಯಾರೂ ಸಿನಿಮಾದ ಮಾತು ತೆಗೆಯುತ್ತಿರಲಿಲ್ಲ. ಈ ದಿನ ಅವನನ್ನು ಯಾರೂ ಕಾಯಲಿಲ್ಲ.

“ಫೈಟಿಂಗ್ ಚಲೋ ಅದಾವ್ರಿ,” ಎಂದ ಶಾಬುದ್ದೀನ, ರೊಟ್ಟಿ ಮುರಿಯುತ್ತ, ತಲೆ ಎತ್ತದೆ.

“ಹೀರೋಯಿನ್ ಉಟ್ಟಿದ್ದ ಸೀರಿ ಚಲೋ ಇದ್ದೂ. ಕತಿ ಏನೂ ಇಲ್ಲ,” ಎಂದಳು ಧರ್ಮರಾಜನ ಹೆಂಡತಿ ಸುನಂದಾ.

“ಕತಿ ಯಾರಿಗೆ ಬೇಕಾಗೇತಿ?” ಧರ್ಮರಾಜ ಮತ್ತೆ ನಗಲು ಶುರುಮಾಡಿದ. “ಇಡೀ ಪಿಚ್ಚರಿನ್ಯಾಗ ನೆನಪ ಉಳಿಯೂದು ಒಂದ ಸೀನು. ನಮ್ಮ ಬೀಗರದು!”

“ಅದು ನಗೂ ಸೀನ್ ಅಲ್ರಿ, ಬೀಗ್ರ,” ಎಂದ ಬಂಡೆಪ್ಪ. “ಅವ್ರು ಕೆಡಿಸ್ಯಾರ. ನನ್ನ ದನೀನ ತಗದಾರ. ಹಿರ್ಯಾ ಮನಶ್ಯಾಗ ಆದ ಅವಮಾನ ಅದು. ನೋಡಿದವ್ರು ಅಳಬೇಕು.”

“ಅಳೂದಿದ್ರ ಮನ್ಯಾಗ ಅಳಬೇಕಲ್ರೀ, ಬಂಡೆಪ್ಪಣ್ಣಾ,” ಎಂದ ಅಮರೇಶ. ದನಿ ಮೆತ್ತಗಿತ್ತು. “ನೀವು ಸುಳ್ಳ ಮನಸ ಸಣ್ಣ ಮಾಡ್ಕೋಬ್ಯಾಡ್ರಿ. ಬೀಳೂದಕ್ಕೂ ಕಲಾ ಬೇಕಾಕ್ಕೈತಿ. ನಿಮಗ ಅದು ಬಂದೈತಿ. ಬೀಗರೂ ಇಷ್ಟ ದೂರದಿಂದ ಬಂದಾರ. ಇಲ್ಲೇ ಒಮ್ಮಿ ಬಿದ್ದ ತೋರಸ್ರಲ್ಲ.”

ಧರ್ಮರಾಜ ಕುರ್ಚಿ ಹಿಂದಕ್ಕೆ ಸರಿಸಿದ. “ಹೌದ್ ನೋಡ್ರಿ! ತೋರಸ್ರಿ ಬೀಗ್ರ! ಏ ದೀಪಕ, ಮೊಬೈಲ್ ತಗೀಯೋ!”

“ಊಟದ ಹೊತ್ತಿನ್ಯಾಗ ಯಾಕ್ರಿ ಅದೆಲ್ಲಾ,” ಎಂದು ಶಾಬುದ್ದೀನ ಎದ್ದುನಿಂತ. ಅವನ ಮಾತು ಯಾರಿಗೂ ಬೇಕಿರಲಿಲ್ಲ.

“ಬ್ಯಾಡ್ರಿ,” ಎಂದ ಬಂಡೆಪ್ಪ. “ಅದು ಅಲ್ಲೇ ಮುಗೀತು.”

ಸುನಂದಾ ಮಜ್ಜಿಗೆಯ ಗ್ಲಾಸು ಕೆಳಗಿಟ್ಟು ಸೆರಗಿನಿಂದ ಬಾಯಿ ಒರೆಸಿಕೊಂಡಳು. “ಬಿಡ್ರಿ, ಒತ್ತಾಯ ಮಾಡಬ್ಯಾಡ್ರಿ,” ಎಂದಳು ಗಂಡನಿಗೆ. “ಸಿನಿಮಾದವ್ರು ಬೀಳ್ರಿ ಅಂದ್ರ ಬೀಳ್ತಾರ. ಬೀಗ್ರು ಅಂದ್ರ ಯಾಕ ಬಿದ್ದಾರು?”

ಧರ್ಮರಾಜನ ಮುಖದ ನಗು ಹಾಗೇ ಇತ್ತು, ಕಣ್ಣಿನಲ್ಲಿದ್ದುದು ಮಾತ್ರ ಹೋಗಿತ್ತು. ದೀಪಕ ಮೊಬೈಲು ಎತ್ತಿ ಹಿಡಿದೇ ಇದ್ದ. ಬಂಡೆಪ್ಪ ಹೆಂಡತಿಯ ಕಡೆ ನೋಡಿದ. ಶಾರವ್ವ ಅವನನ್ನೇ ನೋಡುತ್ತಿದ್ದಳು.

ಅವನು ಎದ್ದ. ಟೋಪಿ ತೆಗೆದು ಮೇಜಿನ ಮೇಲಿಟ್ಟ. ಎರಡು ಮೇಜಿನ ನಡುವೆ ನಿಂತು, ಯಾರೋ ಎದೆಗೆ ಬೆರಳು ಇಟ್ಟರು ಎಂಬಂತೆ ಹಿಂದಕ್ಕೆ ಬಾಗಿ, ಖಾನಾವಳಿಯ ಹಸಿ ನೆಲದ ಮೇಲೆ ದೊಪ್ಪನೆ ಬಿದ್ದ. ಧರ್ಮರಾಜ ಚಪ್ಪಾಳೆ ತಟ್ಟಿದ. ಆಚೆ ಮೇಜಿನವರು ಎದ್ದು ಬಂದರು. ಕತ್ತೆಯ ದನಿ ಯಾರು ತೆಗೆದರೋ ಗೊತ್ತಾಗಲಿಲ್ಲ.

ಮನೆಗೆ ಬಂದು ಬಂಡೆಪ್ಪ ಅಂಗಿ ಬಿಚ್ಚಿದ. ಶಾರವ್ವ ದೀಪ ಹಚ್ಚಿ ಬಂದಳು.

“ನೀ ಯಾಕ ನಕ್ಕಿ?” ಎಂದು ಕೇಳಿದ.

“ನಗಿ ಬಂತು, ನಕ್ಕೆ.”

“ನಾ ಅಂತ ಗುರ್ತ ಸಿಗಲಿಲ್ಲೇನು?”

“ಸಿಕ್ಕಿತ್ರಿ. ಗುರ್ತ ಸಿಕ್ಕಿದ್ದಕ್ಕ ನಗಿ ಬಂತು.”

ಬಂಡೆಪ್ಪ ಬಿಚ್ಚಿದ ಅಂಗಿ ಹಿಡಿದುಕೊಂಡೇ ನಿಂತ. ಶಾರವ್ವ ಅವನ ಕೈಯಿಂದ ಅದನ್ನು ತೆಗೆದುಕೊಂಡು, ಬೆನ್ನಿಗೆ ಹತ್ತಿದ ಹೊಲಸನ್ನು ಬೆಳಕಿಗೆ ಹಿಡಿದು ನೋಡಿದಳು.

“ನಾ ಧಾರಾವಾಹಿ ನೋಡಿ ಕಣ್ಣೀರ ತಂದ್ರ ನೀವು ಕಟ್ಟಿ ಮ್ಯಾಲೆ ಏನಂತಿದ್ರಿ? ಎಮ್ಮಿ ಮುಂದ ಟಿ.ವಿ. ಹಚ್ಚಿದ್ರ ಅದೂ ನನ್ನಷ್ಟ ಅಳತೈತಿ ಅಂತಿದ್ರಿ. ಮಂದಿ ನನಗ ಬಂದು ಹೇಳತಿದ್ರು. ನಾ ಒಂದರ ದಿನಾ ಕೇಳೇನೇನು ನಿಮಗ, ಯಾಕ ಹಂಗಂದ್ರಿ ಅಂತ?” ಇಷ್ಟು ಹೇಳಿ ಅಂಗಿಯನ್ನು ಬಕೀಟಿನಲ್ಲಿ ನೆನೆಸಲು ಹೋದಳು.

ಮರುದಿನ ಮಧ್ಯಾಹ್ನ ಬಾಗಲಕೋಟೆಯಿಂದ ಗೀತಾಂಜಲಿಯ ಫೋನು ಬಂತು. ಅಲ್ಲಿ ಹಾಸ್ಟೆಲ್ಲಿನಲ್ಲಿದ್ದು ಬಿ.ಎಡ್. ಓದುತ್ತಿದ್ದಳು. ಬಂಡೆಪ್ಪ ಅಂಗಡಿಯಲ್ಲಿ ಒಬ್ಬನೇ ಇದ್ದ.

“ಅಪ್ಪಾ, ಆ ವಿಡಿಯೋ ಇಲ್ಲೆ ಎಲ್ಲಾರೂ ನೋಡಾಕತ್ತಾರ.”

“ಯಾವುದು? ಪಿಚ್ಚರಿಂದ?”

“ಅಲ್ಲ. ಖಾನಾವಳೀದು. ದೀಪಕ ತಗದು ಹಾಕ್ಯಾನ. ಪಿಚ್ಚರಿನ್ಯಾಗಿನ ಕತ್ತಿ ದನಿ ಬ್ಯಾರೆ ಕೂಡಿಸ್ಯಾನ.” ಅವಳು ಅಳುತ್ತಿರಲಿಲ್ಲ. “ನಾ ಆ ಮನಿಗೆ ಹೋಗಂಗಿಲ್ಲ, ಅಪ್ಪಾ. ನೀ ಬರೇ ಹೂಂ ಅನ್ನು. ಅವ್ರ ಜೋಡಿ ನಾನ ಮಾತಾಡ್ತೇನಿ.”

ಬಂಡೆಪ್ಪನಿಗೆ ಹೂಂ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಎದುರಿಗೆ ಕಟ್ಟೆ ಕಾಣುತ್ತಿತ್ತು. ಸಂಜೆ ಅಲ್ಲಿ ಮಂದಿ ಕೂಡುತ್ತಾರೆ. ಬಂಡೆಪ್ಪನ ಮಗಳ ಮದುವೆ ಮುರಿಯಿತಂತೆ, ಯಾಕಂತೆ, ಅವನನ್ನು ಬೀಳಿಸಿದರಂತೆ. ಹಾಗಾದರೆ ಅವನು ಬಿದ್ದದ್ದು ಖರೆಯೇ ಆಗಿಬಿಡುತ್ತದೆ.

“ಏನ ತಿಳದೀ ನೀ?” ಎಂದ. ದನಿ ತಾನಾಗಿಯೇ ಏರಿತು. “ಅದು ನಟನಿ. ಬೇಕಂತ ಬಿದ್ದೇನಿ ನಾ. ಮಂದಿ ನಕ್ಕರ ನಾ ಗೆದ್ದಂಗ. ನಿಮ್ಮವ್ವಗ ತಿಳೀಲಿಲ್ಲ, ನಿನಗೂ ತಿಳೀಲಿಲ್ಲ.”

“ಅಪ್ಪಾ, ಅದರಾಗ ನಿನ್ನ ಮಾರಿ ನೋಡೇನಿ ನಾ.”

“ಮಾರಿ ನೋಡಿ ನಟನಿ ಗುರ್ತ ಹಿಡಿಯೂವಷ್ಟು ಶಾಣ್ಯಾಕಿ ಆಗಿಲ್ಲ ನೀ. ನಿನ್ನಂಥಾರಿಗೆ ಪಿಚ್ಚರ್ ತೋರಸೂದ ತಪ್ಪು. ಮದುವಿ ಅಕ್ಕೈತಿ. ಸುಮ್ಮನ ಫೋನ್ ಇಡು.”

ಆ ಕಡೆಯಿಂದ ಫೋನು ಕಟ್ಟಾಯಿತು. ಅವಳು ಮತ್ತೆ ಆ ಮಾತು ಎತ್ತಲಿಲ್ಲ. ಮದುವೆಗೆ ವಾರವಿರುವಾಗ ಊರಿಗೆ ಬಂದಳು, ಕುಬಸದ ಅಳತೆ ಕೊಟ್ಟಳು, ಬಳೆ ಇಡಿಸಿಕೊಂಡಳು, ಕೇಳಿದ್ದಕ್ಕೆಲ್ಲ ತಲೆಯಾಡಿಸಿದಳು. ಅಪ್ಪನ ತಾಟಿಗೆ ಬಡಿಸುವಾಗ ತಾಟನ್ನು ಮಾತ್ರ ನೋಡುತ್ತಿದ್ದಳು.

ಹುನಗುಂದದ ಕಲ್ಯಾಣ ಮಂಟಪದಲ್ಲಿ ಅಕ್ಷತೆ ಬಿದ್ದ ಮೇಲೆ ದೀಪಕನ ಗೆಳೆಯರು ಮೈಕು ಹಿಡಿದರು. “ಹುಡಿಗಿ ಅಪ್ಪಾರು ಸ್ಟೇಜಿಗೆ ಬರಬೇಕು! ಇಳಕಲ್ಲಿನ ಹೀರೋ!” ಮಂಟಪದ ತುಂಬ ಸಿಳ್ಳೆ ಎದ್ದಿತು. ಬಂಡೆಪ್ಪನನ್ನು ಎರಡನೆಯ ಸಲ ಕರೆಯಬೇಕಾಗಲಿಲ್ಲ. ಆ ಹೊತ್ತಿಗೆ ಅವನು ಹತ್ತಾರು ಕಡೆ ಬಿದ್ದು ತೋರಿಸಿದ್ದ: ಬ್ಯಾಂಕಿನಲ್ಲಿ, ಸಂತೆಯಲ್ಲಿ, ತನ್ನದೇ ಕಟ್ಟೆಯ ಮೇಲೆ. ಹೊಸ ಪಟಗಾ ಸರಿಮಾಡಿಕೊಳ್ಳುತ್ತ ಮೆಟ್ಟಿಲು ಹತ್ತಿದ. ಕೈಮುಗಿದು ಮಂದಿಗೆಲ್ಲ ನಮಸ್ಕಾರ ಮಾಡಿದ.

ಮಗಳು ಮದುಮಗನ ಪಕ್ಕದ ಕುರ್ಚಿಯಲ್ಲಿದ್ದಳು. ಅವಳ ಕಾಲಿನಿಂದ ನಾಲ್ಕು ಮೊಳ ದೂರದಲ್ಲಿ ಬಂಡೆಪ್ಪ ಬಿದ್ದ. ಸ್ಪೀಕರಿನಲ್ಲಿ ಕತ್ತೆ ಒದರಿತು. ಗೀತಾಂಜಲಿ ಕಣ್ಣು ಮುಚ್ಚಲಿಲ್ಲ, ಮುಖ ತಿರುವಲಿಲ್ಲ, ಪೂರ್ತಿ ನೋಡಿದಳು. ದೀಪಕ ಅವಳ ಕಿವಿಗೆ ಬಾಗಿ, “ನಿಮ್ಮಪ್ಪ ಭಾಳ ಮಜಾ ಮನಶ್ಯಾ,” ಎಂದ. ಅವಳು ಹೌದೆಂದು ತಲೆಯಾಡಿಸಿದಳು. “ಇನ್ನೊಮ್ಮಿ! ಇನ್ನೊಮ್ಮಿ!” ಎಂದು ಹಿಂದಿನಿಂದ ಕೂಗಿದರು. ಬಂಡೆಪ್ಪ ಎದ್ದು ಇನ್ನೊಮ್ಮೆ ಬಿದ್ದ.

ಊಟದ ಪಂಕ್ತಿಯಲ್ಲಿ ಅಮರೇಶ ಮಾಸ್ತರ ಕುಳಿತಿದ್ದ. ಬಂಡೆಪ್ಪ ಏದುಸಿರು ಬಿಡುತ್ತ ಬಂದು ಅವನ ಎದುರು ನಿಂತ.

“ಮಾಸ್ತರ, ಹೆಂಗಾತು?”

ಅಮರೇಶ ಬಾಯಲ್ಲಿದ್ದ ಹೋಳಿಗೆಯನ್ನು ನುಂಗುವವರೆಗೆ ಕಾಯಿಸಿದ. “ಮೊದಲಿನಷ್ಟ ಚಲೋ ಬರಲಿಲ್ರಿ,” ಎಂದ.

“ಎಲ್ಲೆ ತಪ್ಪೀತು?”

“ಬೀಳೂಕಿಂತ ಮೊದಲ ನೆಲಾ ನೋಡಿದ್ರಿ. ಬೀಳಾಂವ ನೆಲಾ ನೋಡಬಾರದು.”

ಬಂಡೆಪ್ಪ ಗಂಭೀರವಾಗಿ ಕೇಳಿಸಿಕೊಂಡ. “ಹೌದು, ಖರೆ,” ಎಂದು ತನ್ನಷ್ಟಕ್ಕೆ ಅಂದುಕೊಳ್ಳುತ್ತ ಹೋದ. ಅಮರೇಶ ತುಪ್ಪ ಹಿಡಿದು ಬರುತ್ತಿದ್ದವನನ್ನು ಕರೆದು, ಹೋಳಿಗೆಯ ಮೇಲೆ ಇನ್ನಷ್ಟು ಹಾಕಿಸಿಕೊಂಡ.

ಮಗಳನ್ನು ಗಂಡನ ಮನೆಗೆ ಕಳಿಸುವ ಹೊತ್ತಿಗೆ ಬಿಸಿಲು ಇಳಿದಿತ್ತು. ಗೀತಾಂಜಲಿ ತಾಯಿಯನ್ನು ತಬ್ಬಿಕೊಂಡಳು. ದೂರ ನಿಂತಿದ್ದ ಶಾಬುದ್ದೀನನ ಹತ್ತಿರ ತಾನೇ ಹೋಗಿ, “ಬರ್ತೇನ್ರೀ ಕಾಕಾ,” ಎಂದಳು. ಕಡೆಗೆ ಅಪ್ಪನ ಮುಂದೆ ಬಂದು ಬಾಗಿದಳು. ಅವಳ ಬೆರಳುಗಳು ಅವನ ಪಾದಕ್ಕೆ ತಗುಲಲಿಲ್ಲ, ಪಾದದ ಮುಂದಿನ ನೆಲಕ್ಕೆ ತಗುಲಿ ಹಿಂದಕ್ಕೆ ಬಂದವು. ಕಾರು ಹೊರಟಿತು. ಕಳಿಸಲು ಬಂದ ಮಂದಿ ಎಲೆಯಡಿಕೆಯ ತಾಟಿನ ಕಡೆಗೆ ತಿರುಗಿದರು.

ಬಂಡೆಪ್ಪ ಗೇಟಿನ ಬಳಿ ರಸ್ತೆಯ ಕಡೆ ಮುಖಮಾಡಿ ನಿಂತೇ ಇದ್ದ. ಅವನ ಬಿಳಿ ಅಂಗಿಯ ಬೆನ್ನಿಗೆ, ದೋತರದ ಹಿಂಬದಿಗೆ ಮಂಟಪದ ಧೂಳು, ಅಕ್ಷತೆಯ ಅರಿಶಿನ ಮೆತ್ತಿಕೊಂಡಿತ್ತು. ಶಾರವ್ವ ಹಿಂದಿನಿಂದ ಬಂದಳು. ಅಂಗೈಯಿಂದ ಅವನ ಬೆನ್ನು ಝಾಡಿಸತೊಡಗಿದಳು. ಹೆಗಲಿನಿಂದ ಸೊಂಟದವರೆಗೆ, ಮತ್ತೆ ಹೆಗಲಿನಿಂದ. ಅವಳ ಬಳೆಗಳು ಸದ್ದು ಮಾಡುತ್ತಿದ್ದವು. ಧೂಳು ಹೋದ ಮೇಲೂ ಅವಳ ಕೈ ನಿಲ್ಲಲಿಲ್ಲ. ಬಂಡೆಪ್ಪ ಅಲುಗಾಡದೆ ನಿಂತಿದ್ದ.