ಸೆಕೆಂಡಿಗೆ ಹನ್ನೊಂದು ವಿದಕ್ಕ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ ಎಂದು ಮೂರು ದಿನದಿಂದ ತಲೆ ಕೆರೆದುಕೊಳ್ಳುತ್ತಿದ್ದೇನೆ. ಸಾವಿನಿಂದ ಶುರು ಮಾಡಿದರೆ ನೀವು ಈಗಲೇ ಮುಖ ಸಪ್ಪಗೆ ಮಾಡಿಕೊಳ್ಳುತ್ತೀರಿ. ವೆಬ್‌ಕ್ಯಾಮಿನಿಂದ ಶುರು ಮಾಡಿದರೆ ನಿಮ್ಮಲ್ಲಿ ಅರ್ಧ ಜನ ಪುಟ ಮಗುಚುತ್ತೀರಿ. ಮೊದಲ ಕರಡಿನಲ್ಲಿ ನಮ್ಮ ಸೊಂಬೋರ್ ಊರಿನ ಸಾಲುಮರಗಳನ್ನು ವರ್ಣಿಸಿದ್ದೆ. ಹರಿದು ಹಾಕಿದೆ. (ಮರಗಳು ಚೆನ್ನಾಗಿಯೇ ಇದ್ದವು. ವರ್ಣನೆ ಕೆಟ್ಟದಾಗಿತ್ತು.)

ಸರಿ, ವಿಷಯವನ್ನು ನೇರವಾಗಿ ಹೇಳಿಬಿಡುತ್ತೇನೆ. ನಮ್ಮ ಕಟ್ಟಡದ ಎರಡನೇ ಮಹಡಿಯಲ್ಲಿ ವಿದೊಸಾವಾ ಇದ್ದಾಳೆ. ನಾನು ಅವಳನ್ನು ವಿದಕ್ಕ ಎನ್ನುತ್ತೇನೆ. ಹುಟ್ಟಿನಿಂದ ಕಿವಿ ಕೇಳದವಳು, ಕೈಯಲ್ಲಿ ಮಾತಾಡುತ್ತಾಳೆ. ಅವಳ ಗಂಡ ತೊಷಾನಿಗೂ ಕಿವಿ ಕೇಳುತ್ತಿರಲಿಲ್ಲ. ಏಪ್ರಿಲ್‌ನಲ್ಲಿ ಅವನು ತೀರಿಕೊಂಡ. ಮಣ್ಣು ಮಾಡುವಾಗ ಪಾದ್ರಿ ಮಾತಾಡಿದರು. ತೊಷಾನ ತಂಗಿ ಪೆರ್ಸಿದಾ ಕರೆತಂದಿದ್ದ ನಿವೃತ್ತ ಮೇಷ್ಟ್ರು ಇನ್ನೂ ಉದ್ದಕ್ಕೆ ಮಾತಾಡಿದರು. ನಲವತ್ತೇಳು ವರ್ಷ ಅವನೊಂದಿಗೆ ಬಾಳಿದವಳು ಒಂದು ಮಾತೂ ಆಡಲಿಲ್ಲ. ಅವಳ ಕೈಮಾತನ್ನು ಬಾಯಿಮಾತಾಗಿ ಹೇಳುವವರು ಅಲ್ಲಿ ಯಾರೂ ಇರಲಿಲ್ಲ.

(ಸುಳ್ಳು. ಒಬ್ಬನಿದ್ದ. ಅವನ ವಿಷಯ ಆಮೇಲೆ ಹೇಳುತ್ತೇನೆ. ಈಗಲೇ ಹೇಳಿದರೆ ನಿಮಗೆ ಈ ನಿರೂಪಕನ ಮೇಲಿರುವ ಚೂರುಪಾರು ಗೌರವವೂ ಹೋಗುತ್ತದೆ.)

೨

ತೊಷಾ, ವಿದಕ್ಕ ಇಬ್ಬರೂ ಒಂದೇ ಅಚ್ಚುಮನೆಯಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದವರು. ಅಲ್ಲಿನ ಯಂತ್ರಗಳ ಗದ್ದಲಕ್ಕೆ ತಲೆ ಕೆಡದವರು ಬೇಕೆಂದು ಕಿವಿ ಕೇಳದವರನ್ನೇ ಹುಡುಕಿ ಕೆಲಸಕ್ಕೆ ಇಟ್ಟುಕೊಂಡಿದ್ದರು. ಆ ಗುಂಪಿನಲ್ಲಿ ವಿದಕ್ಕನಲ್ಲದೆ ಈಗ ಉಳಿದಿರುವವರು ಒಂಬತ್ತು ಜನ. ಒಬ್ಬ ಸುಬೊತಿತ್ಸಾದಲ್ಲಿ, ಒಬ್ಬಳು ರೂಮಾದಲ್ಲಿ, ಒಬ್ಬ ಆಸ್ಟ್ರಿಯಾದ ಮಗಳ ಮನೆಯಲ್ಲಿ, ಹೀಗೆ. ಯಾರ ಮಂಡಿಯೂ ಪ್ರಯಾಣಕ್ಕೆ ಒಪ್ಪುವುದಿಲ್ಲ. ಆದ್ದರಿಂದ ಸಾವಿನ ನಲವತ್ತನೇ ದಿನ, ಮಧ್ಯಾಹ್ನ, ಲ್ಯಾಪ್‌ಟಾಪಿನಲ್ಲಿ ಲೈವ್. ತೊಷಾನ ಕುರ್ಚಿಯಲ್ಲಿ, ಅವನ ಫೋಟೋದ ಪಕ್ಕ ಕೂತು, ಅವತ್ತು ಸಮಾಧಿಯ ಮುಂದೆ ಹೇಳಲಾಗದ್ದನ್ನು ವಿದಕ್ಕ ಹೇಳುತ್ತಾಳೆ.

ಹತ್ತು ದಿನ ಮೊದಲೇ ಒಂದು ಸಲ ಪ್ರಯತ್ನಿಸಿ ನೋಡಿದೆವು. ಎರಡನೇ ವಾಕ್ಯಕ್ಕೇ ಚಿತ್ರ ತೊದಲತೊಡಗಿತು. ವಿದಕ್ಕನ ಕೈ ಎದೆಯ ಹತ್ತಿರ ಇದ್ದದ್ದು ಮರುಕ್ಷಣ ಕಿವಿಯ ಹತ್ತಿರ ಇತ್ತು. ನಡುವಿನ ದಾರಿ ಮಾಯ. ನಮ್ಮಂಥವರಿಗೆ ಚಿತ್ರ ನಿಂತರೂ ದನಿ ಮುಂದುವರಿಯುತ್ತದೆ. ಇವರಿಗೆ ಚಿತ್ರವೇ ದನಿ. ಸುಬೊತಿತ್ಸಾದ ಲಾಜರ್ ಪರದೆಯ ಮೇಲೆ ಬರೆದ: "ವಿದಾ, ನಿನ್ನ ಕೈ ನಿಂತುಹೋಗಿದೆ. ಮಣ್ಣು ಮಾಡಿದ ದಿನದ ಹಾಗೆ."

ವಿದಕ್ಕ ಲ್ಯಾಪ್‌ಟಾಪನ್ನು ಪಟ್ಟೆಂದು ಮುಚ್ಚಿದಳು.

೪

(ಮೂರು ಎಲ್ಲಿ ಎಂದು ಕೇಳಬೇಡಿ. ಅದು ಬಿದ್ದುಹೋಯಿತು. ವಿದಕ್ಕನ ಬೆರಳುಗಳ ಬಗ್ಗೆ ಎರಡು ಪುಟ ಕವಿತ್ವ ಇತ್ತು, ನಿಮಗೇನೂ ನಷ್ಟವಿಲ್ಲ. ಹೀಗೆ ನಡುವೆ ಒಂದು ತುಣುಕು ಮಾಯವಾಗುವುದಕ್ಕೆ ಕಂಪ್ಯೂಟರಿನವರು ಫ್ರೇಮ್ ಡ್ರಾಪ್ ಎನ್ನುತ್ತಾರೆ.)

ಈಗ ಯೊವಿತ್ಸಾ ಬರುತ್ತಾನೆ. ನೆಲಮಹಡಿಯವನು. ಮೂವತ್ತು ವರ್ಷ ಊರಿನ ಮನೆಮನೆಗೂ ಟೀವಿ ಕೇಬಲ್ ಎಳೆದವನು. ಬಾಗಿಲಲ್ಲಿ ಶೂ ಬಿಚ್ಚಿ, ಸತ್ತ ತೊಷಾನ ಚಪ್ಪಲಿಯನ್ನೇ ಮೆಟ್ಟಿಕೊಂಡು ಒಳಗೆ ಬಂದ.

"ಲೈನ್ ಪ್ರಾಬ್ಲಂ," ಎಂದ.

"ನೀನಿನ್ನೂ ನೋಡೇ ಇಲ್ವಲ್ಲ ಮಾರಾಯ."

"ನೋಡೋದೇನು? ಈ ಕಟ್ಟಡದಲ್ಲಿ ಎಲ್ಲದಕ್ಕೂ ಲೈನೇ ಕಾರಣ. ನಿನ್ನ ಕಥೆ ಯಾರೂ ಓದದೆ ಇರೋದಕ್ಕೂ."

ವೈಫೈ ನಂಬಬಾರದೆಂದು ಉದ್ದದ ವೈರು ಎಳೆದ. ವೈರು ಬದಲಿಸಿದ. ಇಂಟರ್ನೆಟ್ಟಿನ ಡಬ್ಬಿಯನ್ನು ಕಪಾಟಿನ ಮೇಲಿಟ್ಟ, ಕೆಳಗಿಟ್ಟ, ಮತ್ತೆ ಮೇಲಿಟ್ಟ. ಚಿತ್ರದ ಗಾತ್ರ ಇಳಿಸಿದ. ಇಡೀ ಕಟ್ಟಡದವರ ಇಂಟರ್ನೆಟ್ಟನ್ನು ಕಾಲು ಗಂಟೆ ಆಫ್ ಮಾಡಿಸಿ ಎಲ್ಲರ ಕೈಲೂ ಬೈಸಿಕೊಂಡ. ವಿದಕ್ಕನ ಕೈ ತೊದಲುತ್ತಲೇ ಇತ್ತು.

"ಯೊವಿತ್ಸಾ, ನೀನು ಬೇಗ ಸೋತುಬಿಡು. ಇದು ಸಣ್ಣ ಕಥೆ, ಜಾಗ ಇಲ್ಲ," ಎಂದೆ.

"ನಾನ್ಯಾಕೆ ಸೋಲಲಿ? ನೀನು ಕುರ್ಚೀಲಿ ಕೂತು ಬರೀತಿದ್ದೀಯ. ಮೇಜಿನ ಕೆಳಗೆ ಮಂಡಿ ಊರಿರೋನು ನಾನು."

ಆ ಮಂಡಿಯ ಮೇಲೆಯೇ ಅವನು ಪರದೆಯ ಮೂಲೆಯ ಅಂಕಿಗಳನ್ನು ಓದಿದ. ಮೊದಲ ಸಲ ಅವನ ಗತ್ತು ಇಳಿಯಿತು.

"ಲೈನಲ್ಲಿ ಒಂದು ಚಿತ್ರಾನೂ ಬಿದ್ದುಹೋಗ್ತಿಲ್ಲ ಕಣೋ. ಸೊನ್ನೆ. ಕಳಿಸಿದ್ದೆಲ್ಲ ಹೋಗ್ತಾ ಇದೆ."

"ಮತ್ತೆ?"

"ಕಳಿಸೋಕೆ ಇರೋದೇ ಕಮ್ಮಿ. ಸೆಕೆಂಡಿಗೆ ಮೂವತ್ತು ಚಿತ್ರ ಕೊಡಬೇಕಾದ ಕ್ಯಾಮೆರಾ ಹನ್ನೊಂದು ಕೊಡ್ತಿದೆ. ಇದರ ಕಥೆ ಮುಗೀತು."

ಖಾತ್ರಿ ಮಾಡಿಕೊಳ್ಳಲು ಅದನ್ನು ಮೂರನೇ ಮಹಡಿಯ ನನ್ನ ಅಡುಗೆಮನೆಗೆ ಒಯ್ದೆವು. (ಯೊವಿತ್ಸಾ ಮೊದಲು ನನ್ನ ಕಿಟಕಿಯ ಗಾಜು ಮುಚ್ಚಿದ. ಕಿಟಕಿಯಿಂದ ನುಗ್ಗುವ ಗಾಳಿ ಕತ್ತಿಗೆ ಬಡಿದರೆ ಸತ್ತೇ ಹೋಗುತ್ತೇವೆಂದು ಇಲ್ಲಿ ಎಲ್ಲರೂ ನಂಬಿದ್ದಾರೆ. ಈ ಊರಿಗೆ ಬಂದ ಹತ್ತೊಂಬತ್ತು ವರ್ಷದಲ್ಲಿ ನಾನೂ ನಂಬಿದ್ದೇನೆ.) ಅಲ್ಲಿ ಮೂವತ್ತು. ಕೆಳಗೆ ತಂದರೆ ಹನ್ನೊಂದು. ಮೇಲೆ ಮೂವತ್ತು. ಕೆಳಗೆ ಹನ್ನೊಂದು.

"ಇದಕ್ಕೆ ಎತ್ತರದ ಮನೆ ಇಷ್ಟ," ಎಂದ ಯೊವಿತ್ಸಾ.

ನಮ್ಮ ಹಿಂದೆಯೇ ಮೆಟ್ಟಿಲು ಹತ್ತಿಳಿದು ಸುಸ್ತಾದ ವಿದಕ್ಕ ನನ್ನ ಭುಜ ತಟ್ಟಿ ತಿರುಗಿಸಿಕೊಂಡಳು. "ನಿನ್ನ ಮನೇಲಿ ನನಗೆ ಐದು ಬೆರಳು. ನನ್ನ ಮನೇಲಿ ಬರೀ ಹಿಟ್ಟಿನ ಮುದ್ದೆ. ಗಂಡಸರೇ, ನಿಮಗೆ ಕಿವಿ ಕೇಳತ್ತೆ ಸರಿ. ಕಣ್ಣು ಕಾಣಲ್ವಾ?" ಎಂದು ಕೈಯಲ್ಲಿ ಹೇಳಿ, ತನ್ನ ಕೋಣೆಯ ಕಿಟಕಿ ತೋರಿಸಿದಳು.

ಕಿಟಕಿಯ ರೋಲರ್ ಷಟರ್ ಪೂರ್ತಿ ಕೆಳಗಿತ್ತು. ಸಾವಾದ ದಿನದಿಂದ ಕೆಳಗೇ ಇತ್ತು. ಕನ್ನಡಿಗೆ ಬಟ್ಟೆ ಮುಚ್ಚಿತ್ತು, ವಿದಕ್ಕ ಕಪ್ಪು ಉಟ್ಟಿದ್ದಳು, ತೊಷಾನ ಮನೆತನದಲ್ಲಿ ನಲವತ್ತು ದಿನ ಹಾಗೆಯೇ. ಆ ಮಬ್ಬಿನಲ್ಲಿ ನಾವು ದಿನಗಟ್ಟಲೆ ಕೂತಿದ್ದೆವು, ಕಾಫಿ ಕುಡಿದಿದ್ದೆವು, ವೈರು ಎಳೆದಿದ್ದೆವು. ಒಬ್ಬರಿಗೂ ಕತ್ತಲೆ ಕಾಣಲಿಲ್ಲ, ಸೂತಕದ ಮನೆ ಎಂದರೆ ಹೀಗೆಯೇ ಇರಬೇಕೆಂದು ನಮಗೆಲ್ಲ ಅಭ್ಯಾಸ. ಕತ್ತಲಲ್ಲಿ ಕ್ಯಾಮೆರಾ ಒಂದೊಂದು ಚಿತ್ರಕ್ಕೂ ಹೆಚ್ಚು ಹೊತ್ತು ಕಣ್ಣು ತೆರೆದಿರುತ್ತದೆ, ಅಷ್ಟರಲ್ಲಿ ಕೈ ಎಲ್ಲಿಂದ ಎಲ್ಲಿಗೋ ಹೋಗಿರುತ್ತದೆ. ಮೇ ತಿಂಗಳ ಬಿಸಿಲನ್ನು ಹೊರಗೆ ನಿಲ್ಲಿಸಿಕೊಂಡು ನಾವು ಇಂಟರ್ನೆಟ್ಟಿಗೆ ಶಾಪ ಹಾಕುತ್ತಿದ್ದೆವು.

೫

ಕಥೆ ಇಲ್ಲಿಗೆ ಮುಗಿಯಬಹುದಿತ್ತು. ಮುಕ್ತಾಯಗಳ ಪಟ್ಟಿ ನನ್ನ ಹತ್ತಿರ ಸಿದ್ಧವಾಗಿತ್ತು.

ಮುಕ್ತಾಯ ಅ: ದೀಪ. ನನ್ನ ಮನೆಯ ಎರಡು ಟೇಬಲ್ ಲ್ಯಾಂಪ್ ತಂದು ಇಟ್ಟೆವು. ಗೋಡೆಯ ಮೇಲೆ ನೆರಳು ಬಿದ್ದು ವಿದಕ್ಕನಿಗೆ ಆರು ಕೈಗಳಾದವು. ಆರೂ ಒಟ್ಟಿಗೆ ಮಾತಾಡಿದವು. ಲಾಜರ್ ಕಣ್ಣುಜ್ಜಿಕೊಂಡ.

ಮುಕ್ತಾಯ ಆ: ನನ್ನ ಅಡುಗೆಮನೆಯಿಂದಲೇ ಮಾತಾಡಲಿ. ವಿದಕ್ಕ ಕೇಳಿದಳು: "ತೊಷಾ ನಿನ್ನ ಅಡುಗೆಮನೇಲಿ ಬದುಕಿದ್ನಾ?"

ಮುಕ್ತಾಯ ಇ: ಸೆಟ್ಟಿಂಗ್ ಬದಲಿಸಿ ಮೂವತ್ತು ಚಿತ್ರ ಕೊಡಲೇಬೇಕೆಂದು ಕ್ಯಾಮೆರಾವನ್ನು ಗದರಿಸುವುದು. ಅದು ಕೊಟ್ಟಿತು. ಮೂವತ್ತೂ ಕಪ್ಪು.

ಉಳಿದದ್ದು ಈ: ಷಟರ್ ಎತ್ತುವುದು. ಅದಕ್ಕೆ ಅಡ್ಡ ನಿಂತವಳು ಪೆರ್ಸಿದಾ. ನಾದಿನಿ, ಎಪ್ಪತ್ತು ದಾಟಿದವಳು, ವಾರಕ್ಕೊಮ್ಮೆ ಆಪಾತಿನ್‌ನಿಂದ ಬಸ್ಸಿನಲ್ಲಿ ಬಂದು ಷಟರನ್ನೂ ಕನ್ನಡಿಯನ್ನೂ ತಪಾಸಣೆ ಮಾಡಿ ಹೋಗುವವಳು. "ನಲವತ್ತನೇ ದಿನ ಸಂಜೆ ಮೇಣದಬತ್ತಿ ಆರೋವರೆಗೂ ಎತ್ತಂಗಿಲ್ಲ. ನಮ್ಮಪ್ಪನಿಗೂ ಹಂಗೇ ಮಾಡಿದ್ವಿ, ನಮ್ಮಮ್ಮನಿಗೂ ಹಂಗೇ," ಎಂದಳು.

ನಾದಿನಿಯ ಮಾತನ್ನು ವಿದಕ್ಕ ಎಂದೂ ಮೀರಿದವಳಲ್ಲ. ಎರಡನೇ ಕರಡಿನಲ್ಲಿ ನಾನು ಪೆರ್ಸಿದಾಳನ್ನು ಖಳನಾಯಕಿ ಮಾಡಿದ್ದೆ. ಆದರೆ ಅವಳು ಪ್ರತಿ ಸಲವೂ ಅತ್ತಿಗೆಗೆಂದು ಡಬ್ಬಿ ತುಂಬ ಗಸಗಸೆಯ ಸಿಹಿ ಸುರುಳಿ ಮಾಡಿ ತರುತ್ತಿದ್ದಳು. ಆ ಡಬ್ಬಿ ಹಿಡಿದುಕೊಂಡು ಬಂದವಳನ್ನು ಖಳನಾಯಕಿ ಮಾಡಲು ನನಗೆ ಬರಲಿಲ್ಲ.

೬

ನಲವತ್ತನೇ ದಿನ. ಸ್ಮಶಾನದಿಂದ ಬಂದಾಗಿತ್ತು. ಮೇಜಿನ ಮೇಲೆ ಸಕ್ಕರೆ ಹಾಕಿದ ಬೆಂದ ಗೋಧಿ, ಉರಿಯುವ ಮೇಣದಬತ್ತಿ. ಪರದೆಯ ಮೇಲೆ ಒಂಬತ್ತು ಚೌಕ, ಒಂಬತ್ತು ಮುದಿ ಮುಖ. ವಿದಕ್ಕ ತೊಷಾನ ಕುರ್ಚಿಯಲ್ಲಿ ಕೂತಳು, ಕೈ ಎತ್ತಿದಳು. ಎರಡನೇ ವಾಕ್ಯಕ್ಕೆ ಲಾಜರ್ ತಲೆ ಅಲ್ಲಾಡಿಸಿದ. ಕಾಣುತ್ತಿಲ್ಲ.

ಪೆರ್ಸಿದಾ ಪರದೆಯತ್ತ ಬಗ್ಗಿದಳು. "ಇದೇನಿದು, ಇವಳ ಕೈಗೇನಾಗಿದೆ?"

ಆಗ ವಿದಕ್ಕ ಕ್ಯಾಮೆರಾ ಬಿಟ್ಟು ನಾದಿನಿಯ ಕಡೆ ತಿರುಗಿದಳು. ಐದು ದಶಕದಲ್ಲಿ ತನ್ನ ಕೈಮಾತು ಕಲಿಯದ ನಾದಿನಿಗೆ ಕೈಯಲ್ಲೇ ಹೇಳತೊಡಗಿದಳು, ಜೋರಾಗಿ, ಗಾಳಿ ಸೀಳುವಂತೆ.

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಅವಳ ಮಾತನ್ನು ಅವತ್ತು ಹೇಳಬಹುದಾಗಿದ್ದ ಆ ಒಬ್ಬ ನಾನೇ. ಬಾಲ್ಕನಿಯಲ್ಲಿ ಟೊಮೆಟೊ ಗಿಡ ಕಟ್ಟುತ್ತ ತೊಷಾ ನನಗೆ ಅವರ ಮಾತು ಕಲಿಸಿದ್ದ. ಮಣ್ಣು ಮಾಡಿದ ದಿನ ನಾನು ಕೊನೆಯ ಸಾಲಿನಲ್ಲಿ ಟೋಪಿ ಹಿಡಿದು ನಿಂತಿದ್ದೆ. ಯಾರೂ ಕರೆಯಲಿಲ್ಲ, ನಾನೂ ಮುಂದೆ ಹೋಗಲಿಲ್ಲ. ಆ ದಿನದಿಂದ ನನಗೆ ನಾಚಿಕೆ. ಈ ಕಥೆ ಬರೆಯಲು ಹೊರಟದ್ದೂ ಆ ನಾಚಿಕೆಯಿಂದಲೇ.

ಬಾಯಿ ತೆರೆದೆ. "ಅವಳು ಹೇಳ್ತಿದ್ದಾಳೆ: ಪೆರ್ಸಿದಾ, ನಿನ್ನಣ್ಣನ ಗುಂಡಿ ಮುಂದೆ ನಾನು ಕೈ ಕಟ್ಕೊಂಡು ನಿಂತಿದ್ದೆ. ಎಲ್ಲರೂ ಮಾತಾಡಿದ್ರು. ಕಿವಿ ಕೇಳದವನ ಬಗ್ಗೆ, ಅವನಿಗೆ ಕೇಳದ ಮಾತಲ್ಲಿ."

"ಮೇಷ್ಟ್ರು ಚೆನ್ನಾಗೇ ಮಾತಾಡಿದ್ರಲ್ಲ," ಎಂದಳು ಪೆರ್ಸಿದಾ. ಅದನ್ನು ಕೈಮಾತಿಗೆ ತಿರುಗಿಸಿದೆ.

"ಇರಬಹುದು. ನನಗೆ ಅವರ ಮೀಸೆ ಅಲ್ಲಾಡಿದ್ದಷ್ಟೇ ಕಾಣಿಸ್ತು," ಎಂದಳು ವಿದಕ್ಕ.

ಪೆರ್ಸಿದಾ ನನ್ನತ್ತ ತಿರುಗಿದಳು. "ನೆರೆಯವನೇ, ಇದೆಲ್ಲ ನಿನಗೆ ಅರ್ಥ ಆಗತ್ತಾ?"

"ಆಗತ್ತೆ."

"ಅವತ್ತೂ ಆಗ್ತಿತ್ತಾ?"

"ಆಗ್ತಿತ್ತು."

"ಮತ್ತೆ ನಿನ್ನ ಬಾಯಿಗೇನು ಬಂದಿತ್ತು?"

(ಮೂರನೇ ಕರಡಿನಲ್ಲಿ ಇದಕ್ಕೆ ಒಂದು ಸೊಗಸಾದ ಉತ್ತರ ಬರೆದಿದ್ದೆ. ಹೊಡೆದುಹಾಕಿದೆ. ನಿಜಕ್ಕೂ ನಾನು ಮಾಡಿದ್ದು ಆ ಪ್ರಶ್ನೆಯನ್ನೂ ವಿದಕ್ಕನಿಗೆ ಕೈಯಲ್ಲಿ ಹೇಳಿದ್ದಷ್ಟೇ.)

ಪೆರ್ಸಿದಾ ಎದ್ದು ಹೋಗಿ ಷಟರ್ ಎತ್ತುವ ಪಟ್ಟಿ ಹಿಡಿದಳು. "ಒಂದು ಗೇಣು. ಅಷ್ಟೇ. ಅಮ್ಮ ಇದ್ದಿದ್ರೆ ನನ್ನ ಚರ್ಮ ಸುಲೀತಿದ್ಳು."

ಗೇಣಗಲ ಬಿಸಿಲು ನೆಲಕ್ಕೆ ಬಿತ್ತು.

"ಹದಿನಾಲ್ಕು!" ಎಂದು ಯೊವಿತ್ಸಾ ಪರದೆ ನೋಡಿ ಕೂಗಿದ.

"ಸಾಕಾ?"

"ಮೂವತ್ತಾಗ್ಬೇಕು."

ಇನ್ನೊಂದು ಗೇಣು. "ಹತ್ತೊಂಬತ್ತು!"

"ಇನ್ನೂನಾ? ನಿನ್ನ ಮೆಷಿನ್ನಿಗೆ ಹೊಟ್ಟೆಬಾಕತನ ಕಣೋ!"

"ಇಪ್ಪತ್ತನಾಲ್ಕು! ಎಳೀರಿ, ಎಳೀರಿ!"

ಬಿಸಿಲು ತೊಷಾನ ಫೋಟೋದ ಮೇಲೆ ಹತ್ತಿತು. ಪೆರ್ಸಿದಾಳ ಕೈ ಅಲ್ಲೇ ನಿಂತಿತು. ಅಳುತ್ತಿದ್ದಳು.

"ನಾವು ಚಿಕ್ಕೋರಿದ್ದಾಗ ಇವನು ನನ್ನ ಎಳ್ಕೊಂಡು ಬಂದು ಕಿಟಕಿ ಹತ್ರಾನೇ ಕೂರಿಸ್ತಿದ್ದ," ಎಂದಳು. "ನಾನು ಮಾತಾಡೋದು ಕಾಣಬೇಕು ಅಂತ. ಕತ್ತಲಾದ್ರೆ ಅಳ್ತಿದ್ದ. ನನಗೆ ಗೊತ್ತಿತ್ತು. ಗೊತ್ತಿದ್ದೂ ನಲವತ್ತು ದಿನ..."

ಪಟ್ಟಿಯನ್ನು ಎರಡೂ ಕೈಯಿಂದ ಹಿಡಿದು ಒಂದೇ ಎಳೆತಕ್ಕೆ ಮೇಲಿನವರೆಗೂ ಎಳೆದಳು. ಕೋಣೆ ತುಂಬ ಮಧ್ಯಾಹ್ನ ನುಗ್ಗಿತು.

"ಮೂವತ್ತು!" ಯೊವಿತ್ಸಾ ಮೇಜು ಗುದ್ದಿದ.

ಒಂಬತ್ತು ಚೌಕಗಳಲ್ಲಿ ಹದಿನೆಂಟು ಕೈ ಮೇಲೆದ್ದು ಅಲ್ಲಾಡಿದವು, ಅವರ ಚಪ್ಪಾಳೆ ಹಾಗೆ. ಲಾಜರ್ ಕೈಯಲ್ಲೇ ಹೇಳಿದ: "ಈಗ ಕಾಣ್ತಿದ್ದೀಯ ವಿದಾ. ಮಾತಾಡು."

೮

(ಏಳನೆಯದೂ ಬಿತ್ತು. ಅದರಲ್ಲಿ ನಾನು ಈ ಎಲ್ಲದರ ಅರ್ಥ ಹೇಳಿದ್ದೆ.)

ವಿದಕ್ಕ ಅಚ್ಚುಮನೆಯ ಮೊದಲ ದಿನದಿಂದ ಶುರು ಮಾಡಿದಳು. ನಾನು ಪೆರ್ಸಿದಾಳ ಪಕ್ಕ ಕೂತು ಬಾಯಿಮಾತಿಗೆ ತಿರುಗಿಸುತ್ತ ಹೋದೆ. ಬೆನ್ನು ಹಾಕಿ ಕೂತ ಹುಡುಗಿಯನ್ನು ಕರೆಯಲು ತೊಷಾ ಅಕ್ರೋಟು ಎಸೆದನಂತೆ. ಅದು ಮೇಸ್ತ್ರಿಯ ಬೋಳುತಲೆಗೆ ಬಿತ್ತಂತೆ. ಮೇಸ್ತ್ರಿ ಬೈದದ್ದು ಇಬ್ಬರಿಗೂ ಕೇಳಿಸಲಿಲ್ಲವಂತೆ. ಪೆರ್ಸಿದಾ ಸೆರಗಿಲ್ಲದ್ದಕ್ಕೆ ಸ್ಕಾರ್ಫಿನ ತುದಿ ಬಾಯಿಗೆ ಒತ್ತಿಕೊಂಡು ನಕ್ಕಳು. "ಚರ್ಚಿನಲ್ಲಿ ಭೇಟಿ ಆಯ್ತು ಅಂತ ನಮಗೆ ಹೇಳಿದ್ದ ಕಳ್ಳ!"

ಇಲ್ಲಿ ಮುಗಿಸಿದರೆ ಚೆನ್ನ ಎನಿಸಿತು. ನಗು ಇದೆ, ಬಿಸಿಲಿದೆ, ನೀವೂ ಒಪ್ಪುತ್ತೀರಿ. ಮನಸ್ಸಿನಲ್ಲಿ ಒಂದು ಒಳ್ಳೆಯ ಕೊನೆಯ ಸಾಲು ಹೊಳೆಯಿತು. ನೋಟ್‌ಬುಕ್ ತೆಗೆದು ಪೆನ್ನು ಊರಿದೆ.

ಕಿವಿ ಕೇಳದವರ ಕಣ್ಣು ತಪ್ಪಿಸಲಾಗದು. ಬಲಗೈಯಲ್ಲಿ ಕಥೆ ಮುಂದುವರಿಸುತ್ತಲೇ ವಿದಕ್ಕ ಎಡಗೈಯಲ್ಲಿ ನನಗೆ ಹೇಳಿದಳು: "ಅದನ್ನ ಕೆಳಗಿಡು. ನಾನಿನ್ನೂ ಮದುವೆವರೆಗೂ ಬಂದಿಲ್ಲ."

ಪೆರ್ಸಿದಾ ಮೊಣಕೈಯಿಂದ ತಿವಿದಳು. "ಏನಂದ್ಳು? ಈಗ ಏನಂದ್ಳು? ನೋಡು, ಒಂದು ಮಾತೂ ಬಿಡಬೇಡ."

ಓದುಗರೇ, ಕ್ಷಮಿಸಿ. ಎರಡು ಕೆಲಸ ಒಟ್ಟಿಗೆ ಆಗುವುದಿಲ್ಲ. ಪೆನ್ನು ಕೆಳಗಿಡುತ್ತಿದ್ದೇನೆ.