ಸುಖವಾಗಿ ಹೋಗಿ

೧

ಈ ಕತೆಯನ್ನು ಎಲ್ಲಿಂದ ಶುರುಮಾಡಲಿ? ವಿಮಾನ ಮೇಲೇರುವಲ್ಲಿಂದ ಅಂದರೆ ಸಲೀಸು. ಏರಿದ್ದು ಇಳಿಯಲೇಬೇಕಲ್ಲ, ಕತೆ ತಾನಾಗಿ ನೆಲ ಮುಟ್ಟುತ್ತದೆ. ಹಾಗೆ ಬರೆದ ಪುಟ ಹರಿದು ಹಾಕಿದೆ. (ಕಂಪನಿಯ ಜಾಹೀರಾತಿನ ಹಾಗಿತ್ತು. ಭಗವಂತ ನನಗೆ ಸಹನೆ ಕೊಟ್ಟಿದ್ದಾನೆ, ಒಳ್ಳೆಯ ಮೊದಲ ವಾಕ್ಯ ಕೊಟ್ಟಿಲ್ಲ.)

೧, ಇನ್ನೊಮ್ಮೆ

ಒಂದೂರಲ್ಲಿ ಒಬ್ಬ ಅಕ್ಕ, ಒಬ್ಬ ತಂಗಿ. ಅಕ್ಕನಿಗೆ ದನಿಯೇ ಕಸುಬು. ಬಸ್ಸಿನಷ್ಟು ಅಗ್ಗಕ್ಕೆ ಏಳು ಸಮುದ್ರ ದಾಟಿಸುತ್ತೇವೆಂದು ಹೊಸ ಏರ್‌ಲೈನ್ ಒಂದು ಹುಟ್ಟಿತು. ಅದರ ಗೇಟುಗಳಲ್ಲಿ ಕೇಳುವ ಅನೌನ್ಸ್‌ಮೆಂಟಿಗೆಲ್ಲ ಅವಳದೇ ಕಂಠ. ಒಮ್ಮೆ ರೆಕಾರ್ಡ್ ಮಾಡಿಟ್ಟರೆ ಯಂತ್ರವೇ ಊರೂರಲ್ಲಿ ಹೇಳಿಕೊಂಡಿರುತ್ತದೆ.

ಮಾಲೀಕನಿಗೆ ಬೆನ್ನ ಹಿಂದಿನ ಹೆಸರು ಕತ್ತರಿ ಸಾಹೇಬ. ದಿಂಬು ಕತ್ತರಿಸಿದ, ಹೊದಿಕೆ ಕತ್ತರಿಸಿದ, ಊಟ ಕತ್ತರಿಸಿದ. ಟಿಕೆಟ್ಟಿನ ದರ ಇಳಿದಷ್ಟೂ ಜನ ಇರುವೆ ಸಾಲಿನಂತೆ ಬಂದರು. ವಿಮಾನದ ಮೇಲೆ ವಿಮಾನ ಬಾಡಿಗೆಗೆ ತಂದ. ಕತ್ತರಿಸಲು ಇನ್ನೇನೂ ಸಿಗದಾಗ ಅವನ ಕಿವಿ ಅಕ್ಕನ ಕೊನೆಯ ಮಾತಿನ ಮೇಲೆ ಬಿತ್ತು: ‘ಸುಖವಾಗಿ ಹೋಗಿ ಬನ್ನಿ.’

“ಹೋಗೋಕೆ ಒಂದು ಟಿಕೆಟ್, ಬರೋಕೆ ಇನ್ನೊಂದು. ನೀನ್ಯಾಕಮ್ಮ ಪುಕ್ಕಟೆ ‘ಬನ್ನಿ’ ಅಂತೀಯ?”

ಸ್ಟುಡಿಯೋದಲ್ಲಿದ್ದವರೆಲ್ಲ ನಕ್ಕರು. ಅಕ್ಕನೂ ನಕ್ಕಳು. ಮತ್ತೆ ಹೇಳಿಸುವ ಖರ್ಚು ಬೇಡವೆಂದು ಆ ಒಂದು ಪದವನ್ನು ಮಷಿನ್ನಿನಲ್ಲೇ ತೆಗೆದರು. ಕೂದಲೆಳೆಯಷ್ಟು ತಡವಾಗಿ ತೆಗೆದರು. ‘ಹೋಗಿ’ ಆದಮೇಲೆ, ‘ಬ’ ಅನ್ನಲು ತುಟಿ ಕೂಡುವ ಸಣ್ಣ ಸದ್ದು ಉಳಿದುಕೊಂಡಿತು.

೨

(ಕಂಪನಿ ಬಿದ್ದದ್ದು ಹೇಗೆಂದು ಇಲ್ಲಿ ಉದ್ದಕ್ಕೆ ಬರೆದಿದ್ದೆ: ಎಣ್ಣೆಯ ಬೆಲೆ, ಬ್ಯಾಂಕು, ಕೋರ್ಟು. ಓದಿ ನನಗೇ ಆಕಳಿಕೆ ಬಂತು.)

ಬೆಳಗ್ಗೆ ಇತ್ತು, ಮಧ್ಯಾಹ್ನ ಇರಲಿಲ್ಲ. ವಿಮಾನ ಬಾಡಿಗೆಗೆ ಕೊಟ್ಟವರು ಅವು ಇಳಿದಿಳಿದಲ್ಲೇ ಹಿಡಿದಿಟ್ಟುಕೊಂಡರು. ತಂಗಿ ಆಗ ಕಡಲಾಚೆ ಇದ್ದಳು. ಹಿಮ ನೋಡಬೇಕೆಂಬ ಹುಚ್ಚಿಗೆ ಅಕ್ಕನೇ ಕೊಡಿಸಿದ್ದ ಅಗ್ಗದ ಟಿಕೆಟ್ಟು, ಹೋಗುವುದಕ್ಕೆ ಮಾತ್ರ. ಬರುವುದನ್ನು ಆಮೇಲೆ ಕೊಂಡರಾಯಿತು ಅಂದುಕೊಂಡಿದ್ದರು.

ಅಲ್ಲಿ ಸಿಕ್ಕಿಬಿದ್ದವರೆಲ್ಲ ಬೇರೆ ಕಂಪನಿಯ ವಿಮಾನ ಹತ್ತಿ ಊರು ಸೇರಿದರು. ತಂಗಿ ಸೇರಲಿಲ್ಲ. ಅಕ್ಕ ಇನ್ನೊಂದು ಟಿಕೆಟ್ ಕಳಿಸಿದಳು, ಬೈದಳು, ಅತ್ತಳು. ಮುಚ್ಚಿದ ಗೇಟಿನೆದುರು ಬೆಂಚಿನ ಮೇಲೆ ಕೂತವಳು ಏಳಲೊಲ್ಲಳು.

“ಅಕ್ಕಾ, ಇಲ್ಲಿ ನೀನು ಇನ್ನೂ ಕರೀತಿದೀಯ. ಮಾತು ಮುಗಿಸು, ಏಳ್ತೀನಿ.”

ಕಂಪನಿಯೇ ಇಲ್ಲ, ಸ್ಪೀಕರೆಲ್ಲಿಂದ ಬಂತೇ ಅಂದಳು ಅಕ್ಕ. ಫೋನಿನಲ್ಲೇ, ಬಾರೇ, ಬಾ ನನ್ನವ್ವ, ಅಂತ ಕರೆದಳು.

“ನೀನಲ್ಲ,” ಅಂದಳು ತಂಗಿ. “ಅವಳು ಹೇಳ್ಬೇಕು.”

ಫೋನಿನ ಹಿಂದೆ, ದೂರದಲ್ಲಿ, ಅಕ್ಕನಿಗೆ ತನ್ನದೇ ದನಿ ಕೇಳಿಸಿತು. ಸುಖವಾಗಿ ಹೋಗಿ. ಆಮೇಲೆ ತುಟಿ ಕೂಡಿದ ಸದ್ದು.

೪

(ಮೂರರಲ್ಲಿ ತಂಗಿಗೆ ತಲೆ ಕೆಟ್ಟಿದೆಯೆಂದು ಬರೆದಿದ್ದೆ. ಅಕ್ಕ ಒಪ್ಪಲಿಲ್ಲ. “ನನ್ನ ತಂಗಿ ನೆಟ್ಟಗಿದಾಳೆ. ನೀವೂ ಕತ್ತರಿ ಹಿಡ್ಕೊಂಡೇ ಕೂತ್ರಾ?” ಅಂದಳು. ತೆಪ್ಪಗೆ ಆ ಪುಟ ತೆಗೆದೆ.)

ಮಟಮಟ ಮಧ್ಯಾಹ್ನ ಅಕ್ಕ ಕಂಪನಿಯ ಹಳೆಯ ಸ್ಟುಡಿಯೋಗೆ ಹೋದಳು. ಕಾವಲಿನವನು ಗುರುತು ಹಿಡಿದು, ಕರೆಂಟಿಲ್ಲಮ್ಮ ಅಂತ ಹೇಳಿಯೇ ಒಳಗೆ ಬಿಟ್ಟ. ರೆಕಾರ್ಡಿಂಗ್ ಬೂತಿನ ಗೋಡೆಯ ಸ್ಪಂಜು ಕಿತ್ತುಬಂದಿತ್ತು, ವೈರುಗಳು ಕಡಿದು ನೇತಾಡುತ್ತಿದ್ದವು. ಅವಳು ಸ್ಟೂಲಿನ ಮೇಲೆ ಕೂತಳು. ಮೈಕಿನ ಕೆಂಪು ದೀಪ ಹತ್ತಿಕೊಂಡಿತು.

ಮೊದಲ ಮುಕ್ತಾಯ: ಅವಳು ‘ಬನ್ನಿ’ ಅಂದಳು, ತಂಗಿ ಎದ್ದಳು, ಮನೆಗೆ ಬಂದಳು. ಅಕ್ಕನಿಗೆ ಇದು ಹಿಡಿಸಿತು. “ಇದನ್ನೇ ಇಟ್ಕೊಳ್ಳಿ. ನಾನು ಹೇಳ್ಬಿಡ್ತೀನಿ.”

ತಡಿ ತಾಯಿ, ಅಂದೆ. ತಂಗಿಗೆ ‘ಬಾ’ ಅನ್ನುತ್ತಾರೆ. ‘ಬನ್ನಿ’ ಅಂದರೆ ಯಾರ್‍ಯಾರು?

ಎಷ್ಟು ವರ್ಷ, ಎಷ್ಟು ಜನಕ್ಕೆ ಅವಳ ದನಿ ‘ಹೋಗಿ’ ಅಂದಿತ್ತು. ಬಂದವರು ಬಂದರು. ಅಲ್ಲೇ ಕಣ್ಣು ಮುಚ್ಚಿದವರೂ ಇದ್ದಾರೆ. ನಮ್ಮ ಮಾತಿನಲ್ಲಿ ‘ಹೋದವರು’ ಅಂದರೆ ಯಾರೆಂದು, ಓದುಗರೇ, ನಿಮಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಎರಡನೆಯ ಮುಕ್ತಾಯ: ಅವಳು ‘ಬಾ’ ಅಂದಳು. ಆದರೆ ಗೇಟಿನ ದನಿ ಯಾರನ್ನೂ ಏಕವಚನದಲ್ಲಿ ಕರೆದದ್ದಿಲ್ಲ. ಅದು ತನಗೇ ಅಂತ ತಂಗಿಗೆ ತಿಳಿಯದೆ ಹೋದರೆ?

“ನೀವೇ ಹೇಳಿ, ಯಾವ್ದು?” ಅಂದಳು.

ನಾನು ದೇವರಲ್ಲಿ ಕೇಳಿದೆ, ಅವನೂ ಓದುಗನಂತೆ ಕಾದು ಕೂತಿದ್ದ. ಬೂತಿನ ಗಾಜಿನಾಚೆ, ಕರೆಂಟಿಲ್ಲದ ಸ್ಟುಡಿಯೋದ ತಾನೇ ಸರಿಯುವ ಬಾಗಿಲು ಒಂದು ಗೇಣು ಸರಿದು ನಿಂತಿತು. ಅಕ್ಕ ಅದನ್ನು ನೋಡಿದಳು. ನೋಡಿಯೂ ಮೈಕಿಗೆ ಬಾಗಿದಳು.

“ಸುಖವಾಗಿ ಹೋಗಿ,” ಅಂದಳು.

ಅವಳ ತುಟಿ ಕೂಡಿದೆ. ‘ಬಾ’ ಆದರೂ ‘ಬನ್ನಿ’ ಆದರೂ ಇಲ್ಲಿಯವರೆಗೆ ದಾರಿ ಒಂದೇ. ಕಡಲಾಚೆ ಒಬ್ಬಳು ಬೆಂಚಿನ ತುದಿಗೆ ಸರಿದು ಕೂತಿದ್ದಾಳೆ, ಏಳುವವಳ ಹಾಗೆ. ಅವಳ ಹಿಂದಿನ ಖಾಲಿ ಬೆಂಚುಗಳೂ ಒಂದೊಂದಾಗಿ ಕಿರುಗುಟ್ಟುತ್ತಿವೆ.