ಆರುನೂರರ ಎಣ್ಣೆ

ಓಟದ ಮಣ್ಣುಹಾದಿಯ ಮೂರನೆಯ ಉಬ್ಬು ದಾಟುವಾಗ ರಿಮೋಟ್ ಟ್ರಕ್ಕು ಕಾದ ಬಾಣಲೆಗೆ ಬಿದ್ದ ಸಾಸಿವೆಯ ಹಾಗೆ ಸಿಡಿದು, ಮಗುಚಿ, ನಾಲ್ಕೂ ಚಕ್ರಗಳನ್ನು ಆಕಾಶಕ್ಕೆ ಮಾಡಿ ಬಿದ್ದುಕೊಂಡಿತು. ಅಟ್ಟಣಿಗೆಯ ಮೇಲೆ ನಿಂತು ಓಡಿಸುತ್ತಿದ್ದ ಬ್ಲಾಜೆನಾ ರಿಮೋಟಿನಿಂದ ಬೆರಳು ತೆಗೆದಳು. ಬೆಳಿಗ್ಗೆಯಿಂದ ಇದು ನಾಲ್ಕನೆಯ ಸಲ.

ಪಕ್ಕದಲ್ಲಿ ತನ್ನ ಟ್ರಕ್ಕು ಓಡಿಸುತ್ತಿದ್ದ ಹಳೆಯ ಗೆಳೆಯ ಇಮ್ರಿಖ್ ನಕ್ಕ. "ಏನಮ್ಮಾ, ಟ್ರಕ್ ಓಡಿಸ್ತಿದೀಯೋ, ಮೊಲ ಓಡಿಸ್ತಿದೀಯೋ?"

"ನಿಂದೇನು ನವಿಲು ನಡಿಗೇನಾ? ಸುಮ್ನಿರು," ಎಂದು ಅವಳು ಇಳಿದು ಹೋದಳು. ಕುರಿಮರಿಯಷ್ಟು ದೊಡ್ಡದಾದ ಆ ಗಾಡಿಯನ್ನು ಎತ್ತಿ ತಂದು ಡೇರೆಯೊಳಗಿನ ಮೇಜಿನ ಮೇಲಿಟ್ಟಳು. ವಾಹ್ ನದಿಯ ಕಡೆಯಿಂದ ಅಕ್ಟೋಬರಿನ ಗಾಳಿ ನುಗ್ಗುತ್ತಿತ್ತು. ಮೇಜಿನ ಆಚೆ ಅವಳ ಗಂಡ ವೆಂಡೆಲಿನ್ ಕೂತಿದ್ದ.

"ಮಂಗಳವಾರ," ಎಂದ ಅವನು, ಟ್ರಕ್ಕಿನ ಚಕ್ರಗಳ ಕುಲುಕು ತಡೆಯುವ ಶಾಕ್‌ಗಳತ್ತ ಬೆರಳು ತೋರಿಸಿ.

ಏಪ್ರಿಲ್‌ನಲ್ಲಿ ಮಿದುಳಿನ ರಕ್ತನಾಳ ಒಡೆದ ಮೇಲೆ ಅವನ ಬಾಯಲ್ಲಿ ಉಳಿದದ್ದು ಎರಡೇ ಮಾತು: ಇಲ್ಲ, ಮಂಗಳವಾರ. ಹಸಿವಾದರೂ ಮಂಗಳವಾರ, ಕಾಲು ನೋಯುತ್ತಿದ್ದರೂ ಮಂಗಳವಾರ. ಬಲಗೈ ತೊಡೆಯ ಮೇಲೆ ಬಿದ್ದಿರುತ್ತಿತ್ತು. ಇಪ್ಪತ್ತೆರಡು ವರ್ಷ ಅವಳು ಓಡಿಸಿದ್ದಳು, ಅವನು ಗಾಡಿ ಕಟ್ಟಿದ್ದ. ಶಾಕ್ ಅನ್ನು ಹೆಬ್ಬೆರಳಲ್ಲೊಮ್ಮೆ ಒತ್ತಿದರೆ ಸಾಕು, ಇವತ್ತಿನ ಮಣ್ಣಿಗೆ, ಇವತ್ತಿನ ಬಿಸಿಲಿಗೆ ಒಳಗೆ ಎಷ್ಟು ಗಟ್ಟಿಯ ಎಣ್ಣೆ ಬೇಕೆಂದು ಹೇಳಿಬಿಡುತ್ತಿದ್ದ. ಆರು ತಿಂಗಳಲ್ಲಿ ಬಂದದ್ದು ಬಂತು, ಆಮೇಲೆ ಹೆಚ್ಚೇನೂ ನಿರೀಕ್ಷಿಸಬೇಡಿ ಎಂದಿದ್ದರು ಡಾಕ್ಟರು. ಆ ಆರನೆಯ ತಿಂಗಳು ಇದೇ. ಮಾತು ಹೋದರೆ ಹೋಗಲಿ, ಆ ಹೆಬ್ಬೆರಳು ಉಳಿದಿದ್ದರೆ ಸಾಕು ಎಂದು ಅವಳು ಅವನನ್ನು ಇಲ್ಲಿಗೆ ಎಳೆದು ತಂದಿದ್ದಳು.

ಶಾಕ್‌ಗಳನ್ನು ಬಿಚ್ಚಿ ಒಂದಕ್ಕೆ ತೆಳುವಾದ ನಾನೂರರ ಎಣ್ಣೆ, ಇನ್ನೊಂದಕ್ಕೆ ಐನೂರರದು, ಮತ್ತೊಂದಕ್ಕೆ ಎಲ್ಲಕ್ಕಿಂತ ಗಟ್ಟಿಯಾದ ಆರುನೂರರದು ತುಂಬಿದಳು. "ಒತ್ತಿ ನೋಡು ವೆಂಡೋ. ಯಾವ್ದು?"

ಅವನು ಎಡಗೈಯಲ್ಲಿ ಒಂದೊಂದನ್ನೂ ಒತ್ತಿದ. ಕಣ್ಣು ಮುಚ್ಚಿಕೊಂಡ. ಮೊದಲಿನ ಹಾಗೆಯೇ ತುಟಿ ಮುಂದೆ ಮಾಡಿದ. ಅವಳು ಮೇಜಿನ ಮೇಲೆ ಬಾಗಿದಳು. ಕೊನೆಗೆ ಅವನು ಆರುನೂರರದನ್ನು ಅವಳತ್ತ ತಳ್ಳಿದ.

"ಅದು ಜುಲೈ ಬಿಸಿಲಿನದ್ದು ಕಣೋ. ಈ ಚಳೀಲಿ ಅದು ಜೇನುತುಪ್ಪ ಆಗ್ಬಿಡುತ್ತೆ. ಶಾಕ್ ಕುಗ್ಗೋದ್ರೊಳಗೆ ಮುಂದಿನ ಉಬ್ಬು ಬಂದಿರುತ್ತೆ. ನೀನೇ ಹೇಳ್ತಿದ್ದೆ. ಇನ್ನೊಂದ್ಸಲ ನೋಡು."

"ಇಲ್ಲ." ಅವನು ಮೇಜು ಗುದ್ದಿದ. ಮತ್ತೆ ಅದನ್ನೇ ತಳ್ಳಿದ.

ಅವಳು ನಾಲ್ಕೂ ಶಾಕ್‌ಗಳನ್ನು ಬುಟ್ಟಿಗೆ ಹಾಕಿಕೊಂಡು ವ್ಯಾನಿನ ಹಿಂದೆ ಹೋದಳು. ಹೋಗುವಾಗ, ಆಯ್ತು, ಇಲ್ಲಿ ಗಾಳಿ ಬಡಿಯುತ್ತೆ, ಅಲ್ಲೇ ತುಂಬ್ತೀನಿ ಎಂದಳು. ಒಳಗಿದ್ದ ಎಣ್ಣೆಯನ್ನೆಲ್ಲ ಹುಲ್ಲಿಗೆ ಸುರಿದಳು. ನಾಲ್ಕಕ್ಕೂ ನಾನೂರರದನ್ನೇ ತುಂಬಿ ಮುಚ್ಚಳ ಬಿಗಿದಳು.

ಓಟದಲ್ಲಿ ಟ್ರಕ್ಕು ಉಬ್ಬುಗಳ ಮೇಲೆ ನೀರು ಹರಿದ ಹಾಗೆ ಹರಿಯಿತು. ಬೇಲಿ ಹಿಡಿದು ನಿಂತಿದ್ದ ವೆಂಡೆಲಿನ್ ಕುಣಿಯುವುದೊಂದು ಬಾಕಿ. ಅವಳು ಎರಡನೆಯವಳಾಗಿ ಬಂದು ಅಟ್ಟಣಿಗೆಯಿಂದ ಇಳಿಯುವಷ್ಟರಲ್ಲಿ ಇಮ್ರಿಖ್ ಅವನ ಹೆಗಲು ತಬ್ಬಿಕೊಂಡಿದ್ದ.

"ಲೋ ಮುದಿ ನರಿ, ಏನು ಹಾಕ್ದೆ ಅದರೊಳಗೆ? ಹೇಳೋ, ಮುಂದಿನ ಓಟ ನಂದು."

ವೆಂಡೆಲಿನ್ ಬಾಯಿ ತೆರೆದ. ಗಂಟಲಿನ ನರ ಉಬ್ಬಿತು. "ಆರು," ಎಂದ. "ಆರುನೂರು."

ಆರು ತಿಂಗಳಲ್ಲಿ ಮೊದಲ ಹೊಸ ಮಾತು. ಅವನ ಕಣ್ಣು ತುಂಬಿಕೊಂಡಿತು. "ಅಬ್ಬಾ! ಕೇಳಿಸ್ಕೊಂಡ್ಯಾ ಬ್ಲಾಜಾ?" ಎಂದು ಇಮ್ರಿಖ್ ಕೂಗಿದ. "ಆರುನೂರಾ? ಈ ಚಳೀಲಾ?" ಎಂದು ತಲೆ ಕೆರೆದುಕೊಂಡ. "ಆಯ್ತಪ್ಪ, ನೀನು ಹೇಳಿದ್ಮೇಲೆ ಮುಗೀತು." ತನ್ನ ಡೇರೆಯತ್ತ ಓಡಿದ.

ಬ್ಲಾಜೆನಾ ಅವನ ಹಿಂದೆ ನಾಲ್ಕು ಹೆಜ್ಜೆ ಹೋದಳು. ತಿರುಗಿ ಗಂಡನ ಮುಖ ನೋಡಿದಳು. ನಿಂತಳು.

ಇಮ್ರಿಖ್‌ನ ಟ್ರಕ್ಕು ಮೊದಲ ಸುತ್ತಿನಲ್ಲೇ ಪುಟಿಯತೊಡಗಿತು. ಎರಡನೆಯ ಸುತ್ತಿನಲ್ಲಿ ಮೂರನೆಯ ಉಬ್ಬಿನಿಂದ ಹಾರಿ ಕಂಬಕ್ಕೆ ಬಡಿದು ಮುಂದಿನ ಚಕ್ರದ ತೋಳು ಮುರಿದುಕೊಂಡಿತು. ಬೇಲಿಯ ಪಕ್ಕ ವೆಂಡೆಲಿನ್ ಅದು ಪುಟಿದ ರೀತಿಯನ್ನೇ ನೋಡುತ್ತಿದ್ದ. ಅವನ ಕಣ್ಣಿಗೇನೂ ಆಗಿರಲಿಲ್ಲ; ಗಟ್ಟಿ ಎಣ್ಣೆಗೆ ಗಾಡಿ ಪುಟಿಯುವುದನ್ನು ಅದು ಗುರುತಿಸಿತು. ನಿಧಾನವಾಗಿ ತಿರುಗಿ ಅವಳನ್ನು ನೋಡಿದ.

ಇಮ್ರಿಖ್ ಮುರಿದ ಟ್ರಕ್ಕನ್ನು ತಂದ. ಇಬ್ಬರ ಮುಖವನ್ನೂ ನೋಡಿದ. "ಎಣ್ಣೆದೇನೂ ಇಲ್ಲ ಕಣೋ, ನನ್ ಬೆರಳೇ ಜಾರಿದ್ದು," ಎಂದ, ನೆಲ ನೋಡುತ್ತ.

"ಇಲ್ಲ," ಎಂದ ವೆಂಡೆಲಿನ್.

ಬೇಲಿಯ ಬಳಿಯಿದ್ದ ಕುರ್ಚಿಯಲ್ಲಿ ಕುಸಿದು ಕೂತು ಎಡಗೈ ಚಾಚಿದ. ಇಮ್ರಿಖ್ ಟ್ರಕ್ಕನ್ನು ಅವನ ತೊಡೆಯ ಮೇಲಿಟ್ಟ. ಅವನು ಅಂಗಿಯ ತೋಳಿನಿಂದ ಚಕ್ರದ ಕೆಸರು ಒರೆಸತೊಡಗಿದ. ಒರೆಸಿದಂತೆಲ್ಲ ಚಕ್ರ ಅವನ ಕೈಯಿಂದ ತಿರುಗಿಕೊಂಡು ಹೋಗುತ್ತಿತ್ತು. ಮತ್ತೆ ಒರೆಸಿದ, ಮತ್ತೆ ತಿರುಗಿತು. ಬ್ಲಾಜೆನಾ ಮಂಡಿಯೂರಿ ಅದು ಅಲುಗದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡಳು.